ಬೀದಿಯ ತರಗೆಲೆ ಬೀದಿಗೇ ಗೊಬ್ಬರ: ಅಕ್ಕಪಕ್ಕದವರು ಸೇರಿ ಮಾಡುವ ಬಗೆ

ಸಂಕ್ರಾಂತಿ ಕಳೆದ ಮೇಲೆ ಬೆಂಗಳೂರು, ಮೈಸೂರಿನ ಮರಗಳಿರುವ ಬಡಾವಣೆಗಳಲ್ಲಿ ಬೆಳಗಿನ ಹೊತ್ತು ಹೊಗೆಯ ವಾಸನೆ ತಪ್ಪುವುದಿಲ್ಲ. ರಾತ್ರಿಯಿಡೀ ಉದುರಿದ ಎಲೆಯನ್ನು ಗುಡಿಸಿ, ರಸ್ತೆಯ ಮೂಲೆಯಲ್ಲಿ ಒಟ್ಟಿ, ಕಡ್ಡಿ ಗೀರುತ್ತಾರೆ. ಆ ರಾಶಿಯೊಳಗೆ ಎಲೆಯ ಜತೆಗೆ ಚಿಪ್ಸ್ ಪೊಟ್ಟಣ, ಹಾಲಿನ ಕವರು, ಗುಟ್ಕಾ ಚೀಟಿ ಎಲ್ಲವೂ ಇರುತ್ತವೆ. ಚಳಿಗಾಲದ ಮುಂಜಾನೆ ಗಾಳಿ ನಿಂತಿರುವುದರಿಂದ ಹೊಗೆ ಮೇಲೇರದೆ ಕಿಟಕಿಗಳ ಮಟ್ಟದಲ್ಲೇ ಹರಡಿಕೊಳ್ಳುತ್ತದೆ. ಉಬ್ಬಸವಿರುವ ಮಕ್ಕಳು, ವಾಕಿಂಗ್ ಹೊರಟ ಹಿರಿಯರು, ಎಲ್ಲರಿಗಿಂತ ಹೆಚ್ಚಾಗಿ ಆ ರಾಶಿಯ ಪಕ್ಕದಲ್ಲೇ ನಿಂತು ಕೆಲಸ ಮಾಡುವ ಪೌರಕಾರ್ಮಿಕರು ಅದನ್ನು ಉಸಿರಾಡುತ್ತಾರೆ.

ಇದು ಕಾನೂನಿಗೂ ವಿರುದ್ಧ. ಬಯಲಿನಲ್ಲಿ ಕಸ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲಿ ದೇಶದಾದ್ಯಂತ ನಿಷೇಧಿಸಿ, ಸುಟ್ಟವರಿಗೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಎಂದು ಆದೇಶಿಸಿತು. ಆ ಆದೇಶ ಬಂದದ್ದು ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ಕಸದ ಮೊಕದ್ದಮೆಯ ಮುಂದುವರಿಕೆಯಾಗಿ. ಒಬ್ಬ ನಾಗರಿಕರ ಹಟದಿಂದ ಅಷ್ಟು ದೂರ ಬಂದಿದ್ದೇವೆ. ಆದರೂ ಹೊಗೆ ನಿಂತಿಲ್ಲ. ಕಾರಣ ಸರಳವಾಗಿದೆ: ಎಲೆಗೆ ಹೋಗಲು ಬೇರೆ ಜಾಗವಿಲ್ಲ. ಹಸಿ ಕಸ ಒಯ್ಯುವ ಆಟೊ ಟಿಪ್ಪರಿನವರು ಅದನ್ನು ಹಾಕಿಸಿಕೊಳ್ಳುವುದಿಲ್ಲ, ಒಣ ಕಸದವರಿಗೂ ಅದು ಬೇಡ, ಮೇಸ್ತ್ರಿ ಬರುವ ಹೊತ್ತಿಗೆ ರಸ್ತೆ ಮಾತ್ರ ಚೊಕ್ಕವಾಗಿರಬೇಕು. ಹೀಗಿರುವಾಗ ಗುಡಿಸುವವರ ಕೈಗೆ ಬೆಂಕಿಪೊಟ್ಟಣ ಬರುವುದು ಅವರ ತಪ್ಪಲ್ಲ.

ಒಂದು ಬಡಾವಣೆಯಲ್ಲಿ ಹುಟ್ಟುವ ಎಲ್ಲ ಬಗೆಯ ಕಸದಲ್ಲಿ ಆ ಬಡಾವಣೆಯೊಳಗೇ ಇತ್ಯರ್ಥವಾಗಬಲ್ಲ ಅತಿ ಸುಲಭದ ಪದಾರ್ಥವೆಂದರೆ ತರಗೆಲೆ. ನಾರುವುದಿಲ್ಲ, ನೊಣ ಕರೆಯುವುದಿಲ್ಲ, ಯಂತ್ರ ಕೇಳುವುದಿಲ್ಲ, ಇದು ಯಾರ ಮನೆಯ ಎಂಜಲೂ ಅಲ್ಲ. ನಮ್ಮ ಬೀದಿಗೆ ಏನಾದರೂ ಮಾಡಬೇಕು ಎನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಅಡುಗೆಮನೆಯ ಕಸ, ಮಳೆನೀರು, ಕೆರೆ ಎಲ್ಲವೂ ಆಮೇಲೆ ಬರಲಿ. ಎಲೆಯ ಕೆಲಸದಲ್ಲಿ ಕಲೆತ ಜನರೇ ಮುಂದೆ ಅವುಗಳಿಗೂ ಕೈಹಾಕುತ್ತಾರೆ.

ಮೊದಲು ಮರಗಳನ್ನು ನೋಡಿ

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಜರ್ಮನ್ ಸಸ್ಯತಜ್ಞ ಕ್ರುಂಬಿಗಲ್ ಅವರು ಬೆಂಗಳೂರಿನಲ್ಲಿ ವರ್ಷವಿಡೀ ಒಂದಲ್ಲ ಒಂದು ಮರ ಹೂ ಬಿಡುವಂತೆ ಸಾಲುಮರಗಳನ್ನು ಆರಿಸಿ ನೆಡಿಸಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರು ಹೊಸ ಬಡಾವಣೆಗಳ ರಸ್ತೆಗಳಲ್ಲಿ ಲಕ್ಷಗಟ್ಟಲೆ ಸಸಿ ನೆಡಿಸಿದರು. ಸರದಿಯಲ್ಲಿ ಹೂ ಬಿಡುವ ಮರಗಳು ಸರದಿಯಲ್ಲೇ ಎಲೆಯನ್ನೂ ಉದುರಿಸುತ್ತವೆ. ಹಾಗಾಗಿ ನಿಮ್ಮ ಬೀದಿಯಲ್ಲಿ ಯಾವ ಮರ ಎಷ್ಟಿದೆ, ಯಾವುದು ಯಾವಾಗ ಬೋಳಾಗುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಸುಗ್ಗಿ ಸಾಮಾನ್ಯವಾಗಿ ಡಿಸೆಂಬರಿನಿಂದ ಮಾರ್ಚ್‌ವರೆಗೆ. ಮಹಾಗನಿ ಫೆಬ್ರುವರಿಯ ಆಸುಪಾಸಿನಲ್ಲಿ ಕೆಲವೇ ದಿನಗಳಲ್ಲಿ ಇಡೀ ಮರವನ್ನೇ ಕೊಡವಿಕೊಳ್ಳುತ್ತದೆ. ಹೊಂಗೆ ಯುಗಾದಿಯ ತಳಿರಿಗೆ ಮೊದಲು ಬರಿದಾಗುತ್ತದೆ. ಅರಳಿಯೂ ಅದೇ ಹೊತ್ತಿನದು.

ಎಲೆಗಳೆಲ್ಲ ಒಂದೇ ಅಲ್ಲ ಎಂಬುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾದ ತಿಳಿವಳಿಕೆ. ಹೊಂಗೆ ಎಲೆ ನಮ್ಮ ರೈತರು ಹಸಿರೆಲೆ ಗೊಬ್ಬರಕ್ಕೆಂದು ತಲೆತಲಾಂತರದಿಂದ ಬಳಸಿಕೊಂಡು ಬಂದದ್ದು. ಸಾರಜನಕ ಹೆಚ್ಚಿರುವುದರಿಂದ ಬೇಗ ಕೊಳೆಯುತ್ತದೆ. ಮಳೆಮರ, ಗುಲ್‌ಮೊಹರ್‌ಗಳ ಎಲೆ ಬಲು ಸಣ್ಣದು, ಕತ್ತರಿಸುವ ಗೋಜಿಲ್ಲ. ಬೇವೂ ಆಗುತ್ತದೆ. ಮಾವು, ಹಲಸು, ಆಲ, ನೇರಳೆಯ ಎಲೆಗಳು ದಪ್ಪ, ಮೇಲೆ ಮೇಣದಂಥ ಹೊಳಪು. ನೀರು ಒಳಗಿಳಿಯದು, ತಿಂಗಳುಗಟ್ಟಲೆ ಹಾಗೇ ಇರುತ್ತವೆ. ಇವನ್ನು ಒಂದೋ ತುಳಿದು ಪುಡಿಮಾಡಿ ಬೆರೆಸಬೇಕು, ಇಲ್ಲವೇ ಪ್ರತ್ಯೇಕ ಗೂಡಿಗೆ (ಎಲೆ ಕೊಳೆಸಲು ಜಾಲರಿ ಸುತ್ತಿ ಮಾಡುವ ತೊಟ್ಟಿ) ಹಾಕಿ ವರ್ಷ ಕಾಯಬೇಕು. ಸಿಲ್ವರ್ ಓಕ್, ಅಕೇಶಿಯಾ, ನೀಲಗಿರಿ ಇನ್ನೂ ನಿಧಾನ. ನೀಲಗಿರಿ ಎಲೆಯನ್ನು ನಾನು ಗೊಬ್ಬರಕ್ಕೆ ಹಾಕಲು ಹೇಳುವುದೇ ಇಲ್ಲ. ಅದರ ಎಣ್ಣೆಯಂಶ ಬೇರೆ ಗಿಡದ ಮೊಳಕೆಯನ್ನು ತಡೆಯುತ್ತದೆ. ತೆಂಗಿನ ಗರಿ, ತಾಳೆಯ ಗರಿ ಕೂಡ ಬೇಡ. ಹೂ ಬಿಟ್ಟ ಪಾರ್ಥೇನಿಯಂ ಕಳೆ ಅಂತೂ ರಾಶಿಯ ಹತ್ತಿರವೂ ಬರಬಾರದು. ಅದರ ಬೀಜ ಗೊಬ್ಬರದ ಜತೆ ಮನೆಮನೆಗೆ ಹಂಚಿಕೆಯಾಗುತ್ತದೆ.

ಗೊಬ್ಬರದ ಮಾತಿಗೂ ಮೊದಲು ಮಾಡಬಹುದಾದ ಒಂದು ಕೆಲಸವಿದೆ. ಮರದ ಬುಡದ ಪಾತಿಯಲ್ಲಿ, ಉದ್ಯಾನದ ಪೊದೆಗಳ ಕೆಳಗೆ ಬಿದ್ದ ಎಲೆಯನ್ನು ಗುಡಿಸದೆ ಹಾಗೇ ಬಿಡುವುದು. ನಾಲ್ಕು ಬೆರಳಿನಷ್ಟು ಎಲೆಯ ಹೊದಿಕೆ ಬೇಸಿಗೆಯಲ್ಲಿ ನೆಲದ ಪಸೆ ಆರದಂತೆ ಕಾಯುತ್ತದೆ, ಕಳೆ ಏಳದಂತೆ ತಡೆಯುತ್ತದೆ, ಕೊನೆಗೆ ತಾನೇ ಮಣ್ಣಾಗುತ್ತದೆ. ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟು ಹರಡಿದರೆ ಸಾಕು. ಬರಿ ಕೆಂಪು ಮಣ್ಣು ಕಾಣುವ ಹಾಗೆ ಕೆರೆದು ಗುಡಿಸಿದ್ದೇ ಸ್ವಚ್ಛತೆ ಎಂಬ ಭಾವನೆ ನಮ್ಮ ಉದ್ಯಾನಗಳಲ್ಲಿ ಬೇರೂರಿದೆ. ಮಾಲಿಯ ಜತೆ, ಪಾರ್ಕಿಗೆ ಬರುವ ಹಿರಿಯರ ಜತೆ ತಾಳ್ಮೆಯಿಂದ ಮಾತನಾಡಿ ಇದನ್ನು ಬದಲಿಸಬೇಕು. ಹೀಗೆ ಹೊದಿಸಿಯೂ ಮಿಕ್ಕಿದ್ದು, ಅಂದರೆ ಟಾರು ರಸ್ತೆ, ಕಾಲುದಾರಿ, ಚರಂಡಿಯ ಬದಿಯಲ್ಲಿ ಬಿದ್ದದ್ದು ಮಾತ್ರ ಗೂಡಿಗೆ.

ಜನ, ಅದರಲ್ಲೂ ಪೊರಕೆ ಹಿಡಿದವರು

ನಾಲ್ಕೈದು ಮನೆಯವರು ಸಾಕು. ಇಡೀ ಬಡಾವಣೆ ಒಪ್ಪಲಿ ಎಂದು ಕಾಯುತ್ತ ಕುಳಿತರೆ ಎಲೆ ಉದುರುವ ಕಾಲ ಮುಗಿದುಹೋಗುತ್ತದೆ. ನಿವೃತ್ತರು ಒಬ್ಬರಿದ್ದರೆ ಬಹಳ ಅನುಕೂಲ, ಹಗಲು ಹೊತ್ತಿನಲ್ಲಿ ಗೂಡಿನ ಮೇಲೆ ಕಣ್ಣಿರುತ್ತದೆ. ಗಿಡ ಬೆಳೆಸುವ ಹುಚ್ಚಿರುವವರು ಪ್ರತಿ ಬೀದಿಯಲ್ಲೂ ಒಬ್ಬರಾದರೂ ಇರುತ್ತಾರೆ, ಅವರ ತಾರಸಿಯ ಕುಂಡಗಳನ್ನು ನೋಡಿಯೇ ಗುರುತು ಹಿಡಿಯಬಹುದು. ಶಾಲೆಗೆ ಹೋಗುವ ಮಕ್ಕಳಿಗೆ ಎಲೆ ತುಳಿಯುವ ಕೆಲಸ ಕೊಟ್ಟರೆ ಭಾನುವಾರ ಯಾರೂ ಕರೆಯುವುದೇ ಬೇಡ.

ಎಲ್ಲರಿಗಿಂತ ಮೊದಲು ಮಾತನಾಡಬೇಕಾದವರು ನಿಮ್ಮ ಬೀದಿ ಗುಡಿಸುವ ಪೌರಕಾರ್ಮಿಕರು. ಇದನ್ನು ಬಿಟ್ಟು ಶುರುಮಾಡಿದ ಎಷ್ಟೋ ಗೂಡುಗಳು ತಿಂಗಳೊಳಗೆ ಕಸದ ತೊಟ್ಟಿಯಾಗಿವೆ. ಅವರಿಗೆ ಉಪದೇಶ ಬೇಕಿಲ್ಲ, ಕೆಲಸ ಹಗುರವಾಗಬೇಕು. ಮಾತು ಹೀಗೆ ಶುರುವಾದರೆ ಒಳ್ಳೆಯದು:

"ಅಕ್ಕ, ಈ ಎಲೆಯನ್ನು ಎಲ್ಲಿಯವರೆಗೆ ಎಳೆದುಕೊಂಡು ಹೋಗುತ್ತೀರಿ?"

"ಆ ಕೊನೆಯ ತಿರುವಿನವರೆಗೆ ಸಾರ್. ಗಾಡಿಯವನು ಹಾಕಿಸಿಕೊಳ್ಳುವುದಿಲ್ಲ. ಏನು ಮಾಡಲಿ?"

"ಇಲ್ಲೇ ಪಾರ್ಕಿನ ಮೂಲೆಯಲ್ಲಿ ಒಂದು ಗೂಡು ಇಡುತ್ತೇವೆ. ಬರೀ ಎಲೆ ತಂದು ಸುರಿದರೆ ಸಾಕು. ಚೀಲ ನಾವು ಕೊಡುತ್ತೇವೆ, ಪ್ಲಾಸ್ಟಿಕ್ ಬಂದರೆ ನಾವೇ ಆರಿಸುತ್ತೇವೆ. ಆಗುತ್ತದೆಯೇ?"

ಎಲೆ ಎಳೆಯುವ ದೂರ ಕಡಿಮೆಯಾಗುತ್ತದೆ ಎಂಬುದೊಂದೇ ಸಾಕು, ಅವರು ಒಪ್ಪುತ್ತಾರೆ. ಆಮೇಲೆ ಮಾತು ಉಳಿಸಿಕೊಳ್ಳುವುದು ನಮ್ಮ ಪಾಲಿನದು. ಎಲೆಗೆಂದೇ ಬೇರೆ ಗೋಣಿಚೀಲಗಳನ್ನು ಕೊಡಿ. ಕೈಗವಸು, ಕುಡಿಯುವ ನೀರು, ಬಿಸಿಲಿನಲ್ಲಿ ಕೂರಲು ನೆರಳು, ಯಾರದಾದರೂ ಮನೆಯ ಶೌಚಾಲಯ ಬಳಸಲು ಒಪ್ಪಿಗೆ, ಇವು ಎಲೆಗೊಬ್ಬರಕ್ಕೆ ಸಂಬಂಧವಿಲ್ಲದ ವಿಷಯಗಳಲ್ಲ. ಗೂಡು ತುಂಬುವುದು, ತಿರುವಿಹಾಕುವುದು ಅವರ ಕೆಲಸದ ಭಾಗವಲ್ಲ ಎಂಬುದನ್ನು ನೆನಪಿಡಿ. ಅದನ್ನು ಅವರಿಂದ ಮಾಡಿಸುವುದಾದರೆ ಕೆಲಸದ ಹೊತ್ತು ಮುಗಿದ ಮೇಲೆ, ಕೂಲಿ ಕೊಟ್ಟು ಮಾಡಿಸಬೇಕು. ಗಣೇಶನ ಹಬ್ಬದ ಚಂದಾದಲ್ಲಿ ಉಳಿದ ಹಣವನ್ನು ಇದಕ್ಕೆ ಬಳಸಿಕೊಳ್ಳಬಹುದು.

ಜಾಗ ಮತ್ತು ಅನುಮತಿ

ಗೂಡಿಗೆ ಬೇಕಾದದ್ದು ಆರಡಿ ಚೌಕದಷ್ಟು ಬರಿ ನೆಲ, ಅರ್ಧ ನೆರಳು, ಹತ್ತಿರದಲ್ಲಿ ನೀರು. ಕಾಂಕ್ರೀಟಿನ ಮೇಲೆ ಬೇಡ, ಮಣ್ಣಿನಿಂದ ಎರೆಹುಳು ಮೇಲೇರಿ ಬರಬೇಕು. ಮನೆಯ ಗೋಡೆಗೆ, ಟ್ರಾನ್ಸ್‌ಫಾರ್ಮರಿಗೆ, ಮರದ ಕಾಂಡಕ್ಕೆ ಒತ್ತಿಕೊಂಡಿರುವುದೂ ಬೇಡ. ಬೇಸಿಗೆಯಲ್ಲಿ ಒಣ ಎಲೆ ಬೆಂಕಿಗೆ ಹತ್ತಿರದ ನಂಟು. ಉದ್ಯಾನದ ಹಿಂದಿನ ಮೂಲೆ, ಶಾಲೆಯ ಮೈದಾನದ ಅಂಚು, ದೇವಸ್ಥಾನದ ಹಿತ್ತಲು, ಅಪಾರ್ಟ್‌ಮೆಂಟಿನ ಹಿಂಬದಿ, ಇವೆಲ್ಲ ಒಳ್ಳೆಯ ಜಾಗಗಳು. ಖಾಲಿ ನಿವೇಶನ ಕಣ್ಣಿಗೆ ಬೀಳುತ್ತದೆ, ಆದರೆ ಮಾಲೀಕರು ಮನೆ ಕಟ್ಟಲು ಬಂದ ದಿನ ಎಲ್ಲವನ್ನೂ ಎತ್ತಬೇಕಾಗುತ್ತದೆ.

ಪಾಲಿಕೆಯ ಉದ್ಯಾನವಾದರೆ ತೋಟಗಾರಿಕೆ ವಿಭಾಗದ ಅಧಿಕಾರಿಗೆ ಒಂದು ಪತ್ರ ಬರೆಯಿರಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಬಾಯಿಮಾತಿನ ಒಪ್ಪಿಗೆ ಅಧಿಕಾರಿ ವರ್ಗವಾದ ದಿನ ಮುಗಿಯುತ್ತದೆ. ಪತ್ರದಲ್ಲಿ ಬೇಡಿಕೆಯ ದನಿ ಬೇಕಿಲ್ಲ. ನಿಯಮವೇ ನಿಮ್ಮ ಕಡೆಗಿದೆ: ಉದ್ಯಾನಗಳ ಎಲೆ, ರೆಂಬೆಗಳನ್ನು ಪ್ರತ್ಯೇಕವಾಗಿ ಸಂಗ್ರಹಿಸಿ ಆದಷ್ಟೂ ಆ ಉದ್ಯಾನಗಳಲ್ಲೇ ಸಂಸ್ಕರಿಸಬೇಕು ಎಂದು ದೇಶದ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಸ್ಥಳೀಯ ಸಂಸ್ಥೆಗಳಿಗೆ ಹೇಳಿವೆ. ಅದನ್ನು ಉಲ್ಲೇಖಿಸಿ, "ಈ ಕೆಲಸದಲ್ಲಿ ನಮ್ಮ ಬೀದಿಯ ನಿವಾಸಿಗಳು ತಮ್ಮ ಜತೆ ಕೈಜೋಡಿಸಲು ಸಿದ್ಧರಿದ್ದೇವೆ, ಗೊಬ್ಬರವನ್ನು ಇದೇ ಉದ್ಯಾನಕ್ಕೆ ಬಳಸುತ್ತೇವೆ" ಎಂದು ಬರೆದರೆ ಬೇಡ ಎನ್ನುವವರು ಕಡಿಮೆ.

ಊರಾಚೆ ಸಾಗಿಸಿದ ಕಸ ಇಲ್ಲವಾಗುವುದಿಲ್ಲ ಎಂಬುದನ್ನು ಬೆಂಗಳೂರು ಕಂಡಿದೆ. ನಗರದ ಕಸ ಸುರಿಯುತ್ತಿದ್ದ ಮಾವಳ್ಳಿಪುರದ ಜನ ತಿರುಗಿಬಿದ್ದ ಮೇಲೆ 2012ರಲ್ಲಿ ಅಲ್ಲಿನ ಗುಂಡಿ ಮುಚ್ಚಿತು. ಮಂಡೂರಿನವರು ವರ್ಷಗಟ್ಟಲೆ ನಾತ ಸಹಿಸಿ, ಹೋರಾಡಿ, 2014ರ ಕೊನೆಯಲ್ಲಿ ಲಾರಿಗಳನ್ನು ನಿಲ್ಲಿಸಿದರು. ನಮ್ಮ ಬೀದಿಯ ಎಲೆಯೂ ಆ ಲಾರಿಗಳಲ್ಲಿತ್ತು. ನೆರೆಯವರಲ್ಲಿ ಯಾರಾದರೂ "ಪಾಲಿಕೆಯವರ ಕೆಲಸ ನಮಗೇಕೆ" ಎಂದರೆ ಈ ಎರಡು ಊರುಗಳ ಹೆಸರು ಹೇಳಿ.

ಗೂಡು ಕಟ್ಟುವುದು

ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಬೆಸುಗೆ ಹಾಕಿದ ಕಬ್ಬಿಣದ ಜಾಲರಿಯನ್ನು ನಾಲ್ಕಡಿ ಎತ್ತರದ್ದು, ಹದಿಮೂರು ಅಡಿ ಉದ್ದ ಕತ್ತರಿಸಿ ತನ್ನಿ. ಸುತ್ತಿ ತಂತಿಯಿಂದ ಬಿಗಿದರೆ ಸುಮಾರು ನಾಲ್ಕಡಿ ಅಗಲದ ದುಂಡನೆಯ ಗೂಡಾಗುತ್ತದೆ. ಕಣ್ಣು ಒಂದಂಗುಲದಷ್ಟಿರಲಿ. ಕೋಳಿಗೂಡಿನ ತೆಳು ಜಾಲರಿ ಅಗ್ಗ, ಆದರೆ ತುಳಿಯುವಾಗ ಉಬ್ಬಿ ಹರಿಯುತ್ತದೆ. ಅದನ್ನೇ ಬಳಸುವುದಾದರೆ ಸುತ್ತ ನಾಲ್ಕು ಗೂಟ ನೆಡಬೇಕು. ಇಟ್ಟಿಗೆಯ ತೊಟ್ಟಿಯನ್ನು ಹಲವರು ಕಟ್ಟಿಸುತ್ತಾರೆ. ನನಗೆ ಅದು ಹಿಡಿಸುವುದಿಲ್ಲ. ಜಾಗ ಬದಲಿಸಲಾಗದು, ಇಟ್ಟಿಗೆಗಳ ನಡುವೆ ಸಂದು ಬಿಡದಿದ್ದರೆ ಗಾಳಿಯೂ ಆಡದು. ಜಾಲರಿಯಾದರೆ ತಂತಿ ಬಿಚ್ಚಿ ಗೂಡನ್ನು ಪಕ್ಕದಲ್ಲಿ ನಿಲ್ಲಿಸಿ ಅದೇ ಎಲೆಯನ್ನು ಮತ್ತೆ ತುಂಬಬಹುದು, ತಿರುವಿಹಾಕುವ ಕೆಲಸ ಅಲ್ಲಿಗೆ ಮುಗಿಯುತ್ತದೆ.

ಮೊದಲ ವರ್ಷ ಒಂದೇ ಗೂಡು. ಎರಡನೆಯದನ್ನು ನಿಲ್ಲಿಸಲು ಪಕ್ಕದಲ್ಲಿ ಜಾಗ ಬಿಟ್ಟಿರಿ. ಗೂಡಿಗೆ ಒಂದು ಫಲಕ ತೂಗುಹಾಕಿ: "ಇದರಲ್ಲಿ ಎಲೆ ಮಾತ್ರ". ಸಾಧ್ಯವಿದ್ದರೆ ಕನ್ನಡದ ಕೆಳಗೆ ತಮಿಳು, ತೆಲುಗು, ಹಿಂದಿಯಲ್ಲೂ ಬರೆಯಿರಿ. ಬೀದಿಯಲ್ಲಿ ಕೆಲಸ ಮಾಡುವವರೆಲ್ಲರಿಗೂ ಅರ್ಥವಾಗಬೇಕು.

ತುಂಬುವುದು

ಒಣ ಎಲೆಯಲ್ಲಿ ಇಂಗಾಲ ಹೇರಳ, ಸಾರಜನಕ ಕಡಿಮೆ. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಸುಮಾರು ಮೂವತ್ತು ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ ಇದ್ದರೆ ಹಿತ. ಒಣ ಎಲೆಯಲ್ಲಿ ಇಂಗಾಲ ಅದರ ಎರಡು ಪಟ್ಟಿನಷ್ಟೂ ಇರಬಹುದು. ಆ ಕೊರತೆಯನ್ನು ಸಗಣಿ ತುಂಬುತ್ತದೆ, ಜತೆಗೆ ಕೊಳೆಸುವ ಜೀವಿಗಳನ್ನೂ ತರುತ್ತದೆ. ಬೆಂಗಳೂರಿನಲ್ಲೂ ಹಸು ಕಟ್ಟಿದ ಹಾಲಿನವರು ಪ್ರತಿ ಬಡಾವಣೆಯ ಅಂಚಿನಲ್ಲಿದ್ದಾರೆ. ಸಗಣಿಯ ವಿಲೇವಾರಿ ಅವರಿಗೂ ತಲೆನೋವು, ಕೇಳಿದರೆ ಕೊಡುತ್ತಾರೆ.

ತುಂಬುವ ಹಿಂದಿನ ದಿನ ಒಂದು ಡ್ರಮ್ಮಿನಲ್ಲಿ ಹತ್ತು ಕಿಲೋ ಸಗಣಿಯನ್ನು ಐವತ್ತು ಲೀಟರ್ ನೀರಿಗೆ ಕಲಸಿ ಬಗ್ಗಡ ಮಾಡಿಡಿ. ಅದಕ್ಕೆ ಒಂದೆರಡು ಲೀಟರ್ ಹುಳಿ ಮಜ್ಜಿಗೆ, ಅಚ್ಚು ಬೆಲ್ಲದ ಒಂದೆರಡು ತುಂಡು ಹಾಕುವ ರೂಢಿಯಿದೆ. ಹಾಕಿದರೆ ಒಳ್ಳೆಯದು, ಹಾಕದಿದ್ದರೆ ಕೆಲಸ ನಿಲ್ಲುವುದಿಲ್ಲ. ಅಂಗಡಿಯಲ್ಲಿ ಪುಡಿಯ ರೂಪದಲ್ಲಿ ಮಾರುವ ಜೀವಾಣುಗಳಿಗೆ ಹಣ ಸುರಿಯುವ ಅಗತ್ಯ ನನಗೆ ಕಂಡಿಲ್ಲ. ಸಗಣಿ ಸಿಗದವರು ಹಳೆಯ ಗೊಬ್ಬರ ಒಂದು ಬುಟ್ಟಿಯನ್ನು ಕಲಸಿಕೊಂಡು, ಹುಲ್ಲುಹಾಸು ಕತ್ತರಿಸಿದ ಹಸಿ ಹುಲ್ಲನ್ನು ಪದರಗಳ ನಡುವೆ ಹಾಕಬಹುದು.

ಎಲೆಯನ್ನು ಗೂಡಿಗೆ ಸುರಿಯುವ ಮೊದಲು ಟಾರ್ಪಾಲಿನ ಮೇಲೆ ಹರಡಿ ಆರಿಸಿ. ಗಾಜಿನ ಚೂರು, ಬ್ಲೇಡು, ಸಿರಿಂಜು ಸಿಗುವುದುಂಟು, ದಪ್ಪ ಕೈಗವಸು ಇಲ್ಲದೆ ಕೈಹಾಕಬೇಡಿ. ಹಳೆಯ ರಾಶಿಯಾದರೆ ಮೊದಲು ಕೋಲಿನಿಂದ ಕೆದಕಿ, ಹಾವು ಚೇಳು ಅಡಗಿರಬಹುದು. ಆಮೇಲೆ ಮಕ್ಕಳನ್ನು ಬಿಟ್ಟು ತುಳಿಸಿ. ಎಲೆ ಮುರಿದಷ್ಟೂ ಬೇಗ ಕೊಳೆಯುತ್ತದೆ.

ಗೂಡಿನ ತಳಕ್ಕೆ ಒಂದು ಗೇಣಿನಷ್ಟು ಸಣ್ಣ ರೆಂಬೆ, ತೆಂಗಿನ ಚಿಪ್ಪು ಹಾಕಿ, ಗಾಳಿ ಕೆಳಗಿನಿಂದ ಬರಲಿ. ಅದರ ಮೇಲೆ ಒಂದಡಿ ಎಲೆ, ಚೆನ್ನಾಗಿ ನೀರು, ಒಂದೆರಡು ಚೊಂಬು ಬಗ್ಗಡ, ಒಂದು ಬೊಗಸೆ ತೋಟದ ಮಣ್ಣು, ಮೇಲೆ ಹತ್ತಿ ಹಗುರವಾಗಿ ತುಳಿಯಿರಿ. ಮತ್ತೆ ಎಲೆ. ಹೀಗೆ ಮೇಲಿನವರೆಗೆ. ಒಂದು ಗೂಡು ಇಪ್ಪತ್ತಕ್ಕೂ ಹೆಚ್ಚು ಚೀಲ ನುಂಗುತ್ತದೆ. ಇಷ್ಟೊಂದು ಎಲೆ ಒಂದೇ ದಿನ ಸಿಗದಿದ್ದರೆ ವಾರವಿಡೀ ಪದರ ಪದರವಾಗಿ ತುಂಬಿದರೂ ಆದೀತು. ಆದರೆ ರಾಶಿ ಬಿಸಿಯೇರಬೇಕಾದರೆ ಮೂರಡಿಯಾದರೂ ಎತ್ತರ ಬೇಕು. ತುಂಬಿದ ಮೇಲೆ ತಲೆಯ ಮೇಲೆ ಗೋಣಿಚೀಲ ಹೊದಿಸಿ.

ಬೇಯಿಸಿದ ಅನ್ನ, ಸಾರು, ಮೀನು ಮಾಂಸ, ಹೋಟೆಲಿನ ಎಂಜಲು ಬೇಡವೇ ಬೇಡ. ಇಲಿ, ನಾಯಿ ಬರುತ್ತವೆ, ನಾತ ಬರುತ್ತದೆ, ನೆರೆಯವರ ಒಪ್ಪಿಗೆ ಹೊರಟುಹೋಗುತ್ತದೆ. ತರಕಾರಿ ಸಿಪ್ಪೆ ಹಾಕಿದರೆ ಗೊಬ್ಬರಕ್ಕೆ ಒಳ್ಳೆಯದೇ. ಆದರೂ ಸಾರ್ವಜನಿಕ ಗೂಡಿಗೆ ಅದನ್ನೂ ಬೇಡವೆನ್ನುತ್ತೇನೆ. ಇವತ್ತು ಸಿಪ್ಪೆ ಬಂದರೆ ನಾಳೆ ಕವರಿನಲ್ಲಿ ಕಟ್ಟಿದ ಕಸ ಬರುತ್ತದೆ.

ನೀರು

ಎಲೆಗೂಡು ಸೋಲುವುದು ಬಹುಪಾಲು ನೀರಿನ ವಿಷಯದಲ್ಲೇ. ಒಣ ಎಲೆ ಮೊದಲ ಸಲ ತುಂಬುವಾಗ ನೂರೈವತ್ತು ಲೀಟರಿನವರೆಗೂ ನೀರು ಕೇಳುತ್ತದೆ, ಸುಮಾರು ಹತ್ತು ಬಕೆಟ್. ಮೇಲಿನಿಂದ ಪೈಪು ಹಿಡಿದರೆ ಪಕ್ಕದಿಂದ ಹರಿದುಹೋಗಿ ನಡುವೆ ಒಣಗಿಯೇ ಇರುತ್ತದೆ. ಪ್ರತಿ ಪದರಕ್ಕೂ ಬೇರೆಬೇರೆಯಾಗಿ ಹಾಕಬೇಕೆಂದು ಹೇಳುವುದು ಇದಕ್ಕೇ. ಮಾವು, ಆಲದಂಥ ದಪ್ಪ ಎಲೆಯಾದರೆ ಹಿಂದಿನ ರಾತ್ರಿಯೇ ಡ್ರಮ್ಮಿನಲ್ಲಿ ನೆನೆಹಾಕಿ.

ಹದ ತಿಳಿಯಲು ಗೂಡಿನ ಬದಿಯಿಂದ ಒಂದು ಮೊಳ ಒಳಗೆ ಕೈಹಾಕಿ ಹಿಡಿಯಷ್ಟು ಎಲೆ ತೆಗೆದು ಹಿಂಡಿ. ಅಂಗೈ ಒದ್ದೆಯಾಗಬೇಕು, ಒಂದೆರಡು ಹನಿ ಬೆರಳ ಸಂದಿಯಲ್ಲಿ ಕಾಣಬೇಕು, ನೀರು ಸುರಿಯಬಾರದು. ಮಾರ್ಚ್, ಏಪ್ರಿಲ್‌ನಲ್ಲಿ ವಾರಕ್ಕೆ ಎರಡು ಸಲವಾದರೂ ನೋಡಬೇಕು. ಯಾರು ಯಾವ ವಾರ ನೋಡುತ್ತಾರೆ ಎಂದು ಹೆಸರು ಬರೆದು ಹಂಚಿಕೊಳ್ಳಿ. ಎಲ್ಲರೂ ನೋಡಿಕೊಳ್ಳೋಣ ಎಂದ ಕೆಲಸವನ್ನು ಯಾರೂ ನೋಡಿಕೊಳ್ಳುವುದಿಲ್ಲ.

ಇಷ್ಟು ನೀರು ಎಲ್ಲಿಂದ? 2024ರ ಬೇಸಿಗೆಯಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು ಬಳಸಿದರೆ 5,000 ರೂಪಾಯಿ ದಂಡವೆಂದು ಹೇಳಬೇಕಾಯಿತು. ಕಾವೇರಿ ನೀರನ್ನು ತರಗೆಲೆಗೆ ಸುರಿಯುವುದು ಸರಿಯಲ್ಲ. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರು ನಾಲ್ಕೈದು ಮನೆಯದು ಸೇರಿದರೆ ಬಕೆಟ್ ತುಂಬುತ್ತದೆ, ಎಲೆಗೆ ಅದು ಬರೀ ನೀರಿಗಿಂತ ಮೇಲು. ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಸಂಸ್ಕರಿಸಿದ ನೀರು ಹೆಚ್ಚಾಗಿ ಚರಂಡಿ ಸೇರುತ್ತಿರುತ್ತದೆ, ಕೇಳಿ ಪಡೆಯಿರಿ. ನೀರು ಶುದ್ಧೀಕರಿಸುವ ಯಂತ್ರ ಹೊರಬಿಡುವ ನೀರನ್ನು ಆಗಾಗ ಬಳಸಬಹುದು. ಆದರೆ ಗಡುಸು ಬೋರ್‌ವೆಲ್ ನೀರಿರುವ ಕಡೆ ಅದರಲ್ಲಿ ಉಪ್ಪಿನಂಶ ಹೆಚ್ಚು, ಅದೊಂದನ್ನೇ ನಂಬಬೇಡಿ.

ಕಾಯುವ ತಿಂಗಳುಗಳು

ಹದವಾಗಿ ತುಂಬಿದ ಗೂಡು ಕೆಲವೇ ದಿನಗಳಲ್ಲಿ ಒಳಗೆ ಬಿಸಿಯಾಗುತ್ತದೆ. ಒಂದು ಕಬ್ಬಿಣದ ಸರಳನ್ನು ನಡುವಿಗೆ ಚುಚ್ಚಿಟ್ಟು ಸ್ವಲ್ಪ ಹೊತ್ತಿನ ಮೇಲೆ ಎಳೆದು ಮುಟ್ಟಿ ನೋಡಿ. ಹಿಡಿಯಲಾರದಷ್ಟು ಬಿಸಿಯಿದ್ದರೆ ಒಳಗೆ 55 ಡಿಗ್ರಿಯ ಆಸುಪಾಸು ಬಂದಿದೆ ಎಂದರ್ಥ. ಕಳೆಬೀಜ ಸಾಯುವುದು ಈ ಬಿಸಿಗೆ. ಬಿಸಿ ಬಾರದಿದ್ದರೆ ನೀರು ಸಾಲದು, ಇಲ್ಲವೇ ಸಗಣಿ ಸಾಲದು, ಇಲ್ಲವೇ ರಾಶಿ ಚಿಕ್ಕದು. ಹೆಚ್ಚಿನ ಸಲ ನೀರೇ.

ತಿಂಗಳಿಗೊಮ್ಮೆ ತಂತಿ ಬಿಚ್ಚಿ, ಗೂಡನ್ನು ಪಕ್ಕಕ್ಕಿಟ್ಟು, ಹೊರಗಿನ ಒಣ ಎಲೆ ಒಳಗೆ ಹೋಗುವಂತೆ ಮತ್ತೆ ತುಂಬಿ. ರಾಶಿ ಆಗಲೇ ಅರ್ಧಕ್ಕೆ ಕುಸಿದಿರುತ್ತದೆ, ಮೇಲೆ ಹೊಸ ಎಲೆ ಹಾಕುವ ಆಸೆಯಾಗುತ್ತದೆ. ಹಾಕಬೇಡಿ, ಹೊಸ ಎಲೆಗೆ ಹೊಸ ಗೂಡು. ಒಂದೇ ಗೂಡಿಗೆ ಸುರಿಯುತ್ತಲೇ ಹೋದರೆ ಮಾಗಿದ ಗೊಬ್ಬರ ಎಂದಿಗೂ ಕೈಗೆ ಸಿಗುವುದಿಲ್ಲ.

ತಿರುವಲೇಬೇಕೇ ಎಂದು ಕೇಳುವವರಿದ್ದಾರೆ. ಈ ಚರ್ಚೆಗೆ ನಮ್ಮ ದೇಶದಲ್ಲಿ ನೂರು ವರ್ಷಗಳ ವಯಸ್ಸಿದೆ. ಬ್ರಿಟಿಷ್ ಕೃಷಿ ವಿಜ್ಞಾನಿ ಆಲ್ಬರ್ಟ್ ಹೊವಾರ್ಡ್ ಇಂದೂರಿನಲ್ಲಿ ರೂಪಿಸಿದ ವಿಧಾನದಲ್ಲಿ ರಾಶಿಯನ್ನು ಮತ್ತೆ ಮತ್ತೆ ತಿರುವಿ ಗಾಳಿಯಾಡಿಸುತ್ತಾರೆ, ಗೊಬ್ಬರ ಬೇಗ ಆಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಸಿ. ಎನ್. ಆಚಾರ್ಯ 1939ರಲ್ಲಿ ರೂಪಿಸಿದ್ದು ಗುಂಡಿಯಲ್ಲಿ ಪದರ ಹಾಕಿ, ಮೇಲೆ ಮಣ್ಣು ಮುಚ್ಚಿ, ತಿರುವದೆ ಬಿಡುವ ವಿಧಾನ. ಅದಕ್ಕೆ ಬೆಂಗಳೂರು ವಿಧಾನ ಎಂದೇ ಹೆಸರು. ಕೆಲಸ ಕಡಿಮೆ, ಕಾಲ ಹೆಚ್ಚು. ಕೈಗಳಿದ್ದರೆ ತಿರುವಿ, ಮೂರ್ನಾಲ್ಕು ತಿಂಗಳಲ್ಲಿ ಗೊಬ್ಬರ. ಇಲ್ಲದಿದ್ದರೆ ನೀರು ಮಾತ್ರ ತಪ್ಪಿಸದೆ ಬಿಡಿ, ಆರೇಳು ತಿಂಗಳಾಗಲಿ.

ಈ ನಡುವೆ ಕಾಣುವ ಲಕ್ಷಣಗಳನ್ನು ಓದಲು ಕಲಿಯಬೇಕು. ಎಲೆಗಳ ಮೇಲೆ ಬಿಳಿ ನೂಲಿನಂಥ ಬೂಷ್ಟು ಹಬ್ಬಿದ್ದರೆ ಸಂತೋಷಪಡಿ, ಕೊಳೆಯುವಿಕೆ ಚೆನ್ನಾಗಿದೆ. ಇರುವೆ ಗೂಡುಕಟ್ಟಿದರೆ ಒಣಗಿದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ನೀರು ಹೆಚ್ಚಾಗಿ ಗಾಳಿ ಸಿಕ್ಕಿಲ್ಲ, ಬಿಚ್ಚಿ ಒಣ ಎಲೆ ಬೆರೆಸಿ. ಹೆಬ್ಬೆರಳು ಗಾತ್ರದ ಬಿಳಿ ಗೊಬ್ಬರದ ಹುಳುಗಳು ಕಂಡರೆ ಸುತ್ತಮುತ್ತ ತೆಂಗಿನ ಮರವಿದೆಯೇ ನೋಡಿ. ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿ ಇಂಥ ರಾಶಿಯಲ್ಲೇ ಮರಿಮಾಡುತ್ತದೆ. ಹಾಗಿದ್ದರೆ ಹುಳುಗಳನ್ನು ಆರಿಸಿ ತೆಗೆಯಲೇಬೇಕು. ದೊಡ್ಡ ಆಫ್ರಿಕನ್ ಬಸವನಹುಳು ಇರುವ ಬಡಾವಣೆಗಳಲ್ಲಿ ಅದರ ಬಿಳಿ ಹಳದಿ ಮೊಟ್ಟೆಗಳ ಗೊಂಚಲು ತಳದಲ್ಲಿ ಸಿಗುತ್ತದೆ, ಅವನ್ನು ಉಪ್ಪುನೀರಿಗೆ ಹಾಕಿ. ಆ ಹುಳುವನ್ನು ಬರಿಗೈಯಿಂದ ಮುಟ್ಟಬಾರದು.

ಮಂಗಳೂರು, ಉಡುಪಿಯವರಿಗೆ ತೊಂದರೆ ಉಲ್ಟಾ. ಜೂನ್ ಹೊತ್ತಿಗೆ ಗೊಬ್ಬರ ತೆಗೆದುಬಿಡಿ, ಇಲ್ಲವೇ ಗೂಡಿನ ಮೇಲೆ ಗಟ್ಟಿ ಚಾವಣಿ ಹಾಕಿ, ಮಳೆಗೆ ಸಾರವೆಲ್ಲ ತೊಳೆದುಹೋಗುತ್ತದೆ. ಕಲಬುರಗಿ, ರಾಯಚೂರಿನ ಬಿಸಿಲಿಗೆ ಜಾಲರಿಯ ಗೂಡು ಒಂದೇ ದಿನದಲ್ಲಿ ಒಣಗುತ್ತದೆ. ಅಲ್ಲಿ ಮೂರಡಿ ಗುಂಡಿ ತೋಡಿ ಆಚಾರ್ಯರ ದಾರಿ ಹಿಡಿಯುವುದೇ ಜಾಣತನ. ಮಲೆನಾಡಿನವರಿಗೆ ನಾನು ಹೇಳಿಕೊಡುವಂಥದ್ದು ಏನೂ ಇಲ್ಲ. ಸೊಪ್ಪಿನ ಬೆಟ್ಟದಿಂದ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು) ದರಗು, ಅಂದರೆ ತರಗೆಲೆ, ಗುಡಿಸಿ ತಂದು ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ, ಅಡಿಕೆ ತೋಟ ಸಾಕಿದವರು ಅವರು. ಅವರ ಮಕ್ಕಳು ಎಷ್ಟೋ ಜನ ಇಂದು ಬೆಂಗಳೂರಿನ ಇದೇ ಬೀದಿಗಳಲ್ಲಿದ್ದಾರೆ. ಹುಡುಕಿ ಗುಂಪಿಗೆ ಸೇರಿಸಿಕೊಳ್ಳಿ.

ಜರಡಿ ಹಿಡಿಯುವುದು, ಹಂಚುವುದು

ಗೊಬ್ಬರ ಕಪ್ಪಗಾಗಿ, ಪುಡಿಪುಡಿಯಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಬಂದಾಗ ಮಾಗಿದೆ. ಎಲೆಯ ಆಕಾರ ಗುರುತು ಸಿಗಬಾರದು, ಮುಟ್ಟಿದರೆ ತಣ್ಣಗಿರಬೇಕು. ಗಾರೆ ಕೆಲಸದವರು ಮರಳು ಜರಡಿ ಹಿಡಿಯುವ ಜಾಲರಿಯನ್ನು ಓರೆಯಾಗಿ ನಿಲ್ಲಿಸಿ ಸಲಿಕೆಯಿಂದ ಎಸೆಯಿರಿ. ಕೆಳಗೆ ಬಿದ್ದದ್ದು ಗೊಬ್ಬರ, ಉಳಿದ ನಾರು, ಕಡ್ಡಿ ಮುಂದಿನ ಗೂಡಿನ ತಳಕ್ಕೆ.

ಇದು ಯೂರಿಯಾದಂತೆ ಗಿಡವನ್ನು ವಾರದಲ್ಲಿ ಹಸಿರಾಗಿಸುವ ಪದಾರ್ಥವಲ್ಲ, ಹಾಗೆಂದು ಯಾರಿಗೂ ಹೇಳಿ ಕೊಡಬೇಡಿ. ಎಲೆಗೊಬ್ಬರದ ಗುಣ ಮಣ್ಣನ್ನು ಸಡಿಲ ಮಾಡುವುದು, ನೀರು ಹಿಡಿದಿಡುವುದು. ಕುಂಡಕ್ಕೆ ಮೂರರಲ್ಲಿ ಒಂದು ಪಾಲು ಬೆರೆಸಿದರೆ ಸಾಕು. ಟೊಮೆಟೊ, ಬದನೆ ಬೆಳೆಯುವವರು ಜತೆಗೆ ಬೇವಿನ ಹಿಂಡಿ ಹಾಕಿಕೊಳ್ಳಲಿ.

ಹಂಚಿಕೆಯಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ. ಮೊದಲ ಪಾಲು ಎಲೆ ಕೊಟ್ಟ ಮರಗಳ ಪಾತಿಗೆ, ಆ ಉದ್ಯಾನಕ್ಕೆ. ಎರಡನೆಯದು ಗುಡಿಸಿದ ಪೌರಕಾರ್ಮಿಕರಿಗೆ, ಮಾಲಿಗೆ. ಅವರಿಗೆ ಬೇಕಿಲ್ಲದಿದ್ದರೆ ಅವರ ಪಾಲನ್ನು ಮಾರಿ ಹಣ ಕೊಡಿ. ಮಿಕ್ಕದ್ದು ದುಡಿದ ಮನೆಗಳಿಗೆ, ಆಮೇಲೆ ಉಳಿದವರಿಗೆ ಸಣ್ಣ ಬೆಲೆಗೆ. ಎಷ್ಟು ಚೀಲ ಎಲೆ ಬಂತು, ಎಷ್ಟು ಗೊಬ್ಬರವಾಯಿತು, ಎಷ್ಟು ಹಣ ಬಂದು ಎಲ್ಲಿ ಖರ್ಚಾಯಿತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದು ಎಲ್ಲರಿಗೂ ತೋರಿಸಿ. ಅನುಮತಿ ಪತ್ರ ನವೀಕರಿಸುವಾಗ ಅಧಿಕಾರಿಯ ಮುಂದೆ ಇಡಬೇಕಾದದ್ದೂ ಇದೇ ಪುಸ್ತಕ.

ಫೆಬ್ರುವರಿಯಲ್ಲಿ ತುಂಬಿದ ಗೂಡು ಜೂನ್, ಜುಲೈಗೆ ಮಾಗುತ್ತದೆ. ಸಸಿ ನೆಡಲು ಅದೇ ಸಕಾಲ. ಜರಡಿ ಹಿಡಿದ ದಿನವೇ ಒಂದು ಚೀಲ ಗೊಬ್ಬರವನ್ನು ನೆರಳಿನಲ್ಲಿ, ಪಸೆ ಆರದಂತೆ ಎತ್ತಿಡಿ. ಡಿಸೆಂಬರಿನಲ್ಲಿ ಗೂಡು ತುಂಬುವಾಗ ಸಗಣಿ ಸಿಗದಿದ್ದರೆ ಹೆಪ್ಪಾಗಿ ಅದೇ ಸಾಕು. ಪಕ್ಕದ ಬೀದಿಯವರು ತಮಗೂ ಒಂದು ಗೂಡು ಬೇಕೆಂದು ಬಂದರೆ ಅವರಿಗೆ ಅದರಲ್ಲಿ ಅರ್ಧ ಕೊಡಿ, ಜತೆಗೆ ಜಾಲರಿ ತಂದ ಅಂಗಡಿ ತೋರಿಸಿ, ನಿಮ್ಮ ಬೀದಿಯ ಪೌರಕಾರ್ಮಿಕರನ್ನು ಅವರ ಬೀದಿಯವರಿಗೆ ಪರಿಚಯ ಮಾಡಿಸಿ.